ಚಾಯ್ ಕೇಳಿದ ತಪ್ಪಿಗೆ

ದುಬೈಯ ಅಲ್ ಕುಸೈಸ್‌ನಲ್ಲಿರುವ ನಮ್ಮ ಕಟ್ಟಡದ ಕೆಳಗಿನ ಕೆಫೆಟೇರಿಯಾದಲ್ಲಿ ಏಲಕ್ಕಿ ಹಾಕಿ ಚಾ ಕುದಿಸಿದರೆ ಪರಿಮಳ ಲಿಫ್ಟಿನೊಳಗೂ ಬರುತ್ತದೆ. ಚಾದ ಪರಿಮಳಕ್ಕೆ ಬೇರೆಯವರಿಗೆ ಊರು ನೆನಪಾಗುತ್ತದಂತೆ. ನಗಬೇಡಿ, ಪುತ್ತೂರಿನವನಾದ ನನಗೆ ಇವತ್ತು ಸಂಜೆ ನೆನಪಾದದ್ದು ಕೀನ್ಯಾದ ಒಂದು ಹೊಳೆ. ಅದನ್ನು ನಾನು ಕಂಡವನೂ ಅಲ್ಲ.

ಅದು ಒಟಿಯೆನೊನ ಊರಿನ ಹೊಳೆ. ಅವನು ನಮ್ಮ ಗೋದಾಮಿಗೆ ಕೆಲಸಕ್ಕೆ ಸೇರಿ ನನ್ನ ಕೋಣೆಗೇ ಬಂದವನು. ಹೊಸಬರು ಬಂದ ದಿನ ಹಳಬರಿಗೆ ಚಾ ಕುಡಿಸುವುದು ನಮ್ಮಲ್ಲಿ ರೂಢಿ. "ಚಾಯ್ ಇಲ್ವಾ ಮಾರಾಯ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವನ ಮುಖ ಸಣ್ಣದಾಯಿತು. ಮಡಚಿದ ನೋಟೊಂದನ್ನು ನನ್ನ ಅಂಗಿಯ ಕಿಸೆಗೆ ತುರುಕಿ, "ಸದ್ಯ ಇಷ್ಟೇ ಇರೋದು ಭಾಯ್" ಎಂದ. ಅವನ ಊರಲ್ಲಿ ಚಾಯ್ ಎಂದರೆ ಲಂಚವಂತೆ! "ನಮ್ಮಲ್ಲೂ ಅದಕ್ಕೆ ಚಾ-ತಿಂಡಿ ಖರ್ಚು ಅಂತಲೇ ಹೆಸರು" ಎಂದು ನೋಟು ವಾಪಸು ಕೊಟ್ಟೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇಷ್ಟು ವರ್ಷದ ದುಬೈ ವಾಸದಲ್ಲಿ ನನಗೆ ಸಿಕ್ಕ ಒಬ್ಬನೇ ಗೆಳೆಯ ಸಿಕ್ಕಿದ್ದು ಹೀಗೆ, ಲಂಚ ಕೇಳಿ.

ಅವನ ಮನೆ ಹೊಳೆಯ ಈಚೆ, ಆಸ್ಪತ್ರೆ ಆಚೆ. ಬಿಳಿಯರು ಹೋದ ಮೇಲೆ ಮೊದಲು ಆಗುವುದೇ ಸೇತುವೆ ಎಂದು ಅವನ ಅಜ್ಜನ ಕಾಲದಲ್ಲೇ ಮಾತು ಕೊಟ್ಟಿದ್ದರಂತೆ. ಆಮೇಲೆ ಚುನಾವಣೆಗೊಂದು ಶಂಕುಸ್ಥಾಪನೆ. ಆ ಕಲ್ಲುಗಳನ್ನೇ ಸಾಲಾಗಿ ಇಟ್ಟಿದ್ದರೂ ಹೊಳೆ ದಾಟಬಹುದಿತ್ತು. ಕೊನೆಗೆ ಹೊರದೇಶದ ಹಣ ಬಂದು ಕಂಬಗಳಷ್ಟೇ ಎದ್ದವು. ಉಳಿದ ಹಣ ದೊಡ್ಡವರ ಮನೆಗಳಿಗೆ ಮಹಡಿಯಾಯಿತು. "ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮಲ್ಲೊಂದು ಗಾದೆ ಉಂಟು" ಎಂದು ಬಿಡಿಸಿ ಹೇಳಿದೆ. "ನಮ್ಮ ಪೂಜಾರಿಗೆ ಪೊಲೀಸ್ ಕಾವಲು ಬೇರೆ" ಎಂದ.

ಊರಲ್ಲಿ ಅವನ ಹೆಂಡತಿ ತುಂಬಿದ ಬಸುರಿ. ಮಳೆಗೆ ಮೊದಲೇ ಅವಳನ್ನು ಆಚೆ ದಡದ ನೆಂಟರ ಮನೆಗೆ ಸೇರಿಸಬೇಕೆಂದು ಅವನು ರಜೆ ಹಾಕಿ ಟಿಕೆಟ್ ತೆಗೆದಿದ್ದ. ಮಳೆ ಅವನಿಗಿಂತ ಮೊದಲು ಊರು ತಲುಪಿತು. ಹೆರಿಗೆ ನೋವು ಶುರುವಾದ ದಿನ ದೋಣಿಯವನು ಹೊಳೆಗಿಳಿಯಲು ಒಪ್ಪಲಿಲ್ಲ. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಸುದ್ದಿ ಬಂದಾಗ ಒಟಿಯೆನೊ ಅಳಲಿಲ್ಲ, ಗೋಡೆ ನೋಡುತ್ತ ಕೂತ. ನಾನು ಅವನ ಬ್ಯಾಗು ತುಂಬಿಸಿಕೊಟ್ಟೆ. ಬೇರೇನು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಅವನು ಊರಿಗೆ ಹೋದ ಮೇಲೆ ನನಗೆ ಮಾತಿಗೆ ಜನವಿಲ್ಲ. ಟಿವಿಯಲ್ಲಿ ಬರುವ ನಮ್ಮ ಮಂತ್ರಿಗಳಿಗೆ ಗಟ್ಟಿಯಾಗಿ ಬೈಯುತ್ತೇನೆ. ಅವರಾದರೂ ಎದುರು ಮಾತಾಡಬಾರದೇ ಅನ್ನಿಸುತ್ತದೆ.

ಇವತ್ತು ತಡೆಯಲಾರದೆ ಅವನಿಗೆ ಫೋನ್ ಮಾಡಿದೆ. ಹಿಂದೆ ಮಗು ಅಳುತ್ತಿತ್ತು. "ನಿನ್ನ ಕೆಲಸ ಇನ್ನೂ ಖಾಲಿ ಉಂಟು, ಬಾ ಮಾರಾಯ" ಎಂದೆ. ನಿಜ ಹೇಳುತ್ತೇನೆ, ಅವನಿಗಾಗಿ ಅಲ್ಲ, ನನಗಾಗಿ ಕರೆದೆ.

ಅವನು ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದ.

"ಗೋದಾಮಿಗೆ ಹೋಗುವಾಗ ಬಸ್ಸು ದಿನಾ ಅಷ್ಟೊಂದು ಸೇತುವೆ ಹತ್ತಿ ಇಳಿಯುತ್ತಲ್ಲ ಭಾಯ್. ಎಲ್ಲೂ ಕೆಳಗೆ ಒಂದು ಹೊಳೆ ಇಲ್ಲ. ನೋಡ್ಕೊಂಡು ಕೂರೋದು ನನ್ನಿಂದ ಆಗಲ್ಲ."