ಮರುದಿನದ ಸೀಲು

"ಶಕುಂತಲಮ್ಮನವರ ಮನೆಗೆ ವರ್ಷಕ್ಕೊಂದಿನ ಯಾರೋ ಬರ್ತಾರೆ ಕಣ್ರೀ, ನಮ್ಗೆ ಮಾತ್ರ ಕಾಣಲ್ಲ" ಎನ್ನುತ್ತಿದ್ದರು ಗವಿಪುರದ ನೆರೆಯವರು.

ಆಕೆ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆಯಾಗಿದ್ದವರು. ನಾಲ್ಕು ಗಂಟೆ ದಾಟಿ ಬಂದ ಅರ್ಜಿಗೆ ಮರುದಿನದ ಸೀಲು ಒತ್ತುವುದು ಅಲ್ಲಿನ ರೂಢಿ. ಮರುಮೌಲ್ಯಮಾಪನದ ಕೊನೆಯ ದಿನ ನಾಲ್ಕೂ ಐದಕ್ಕೆ ಏದುಸಿರು ಬಿಡುತ್ತ ಬಂದ ವಿದ್ಯಾರ್ಥಿನಿ ಮೋನಿಷಾಳ ಅರ್ಜಿಗೂ ಹಾಗೆಯೇ ಒತ್ತಿಬಿಟ್ಟರು. ತಡವಾಯಿತೆಂದು ಅರ್ಜಿ ತಿರಸ್ಕಾರವಾಯಿತು. ಎರಡೇ ಎರಡು ಅಂಕಕ್ಕೆ ಪದವಿ ನಿಂತುಹೋಯಿತು. ಆ ಮಳೆಗಾಲದಲ್ಲೇ ಹುಡುಗಿ ಜ್ವರ ಬಂದು ತೀರಿಕೊಂಡಳು.

ಅಂದಿನಿಂದ ಪ್ರತಿ ವರ್ಷ, ಅವಳು ಅರ್ಜಿ ತಂದಿದ್ದ ಅದೇ ದಿನ, ಅದೇ ಹೊತ್ತಿಗೆ, ಶಕುಂತಲಮ್ಮನವರ ಮನೆಯ ಗೇಟಿನ ಚಿಲಕ ಅಲ್ಲಾಡುತ್ತಿತ್ತು.

"ಮೇಡಂ, ಐದೇ ನಿಮಿಷ ಲೇಟು. ಇವತ್ತಿನ ಡೇಟೇ ಹಾಕ್ಬಿಡಿ, ಪ್ಲೀಸ್."

"ರೂಲ್ಸ್ ಇದೆ ಕಣಮ್ಮಾ" ಎಂದು ಶಕುಂತಲಮ್ಮ ಒಳಗಿನಿಂದಲೇ ಹೇಳುತ್ತಿದ್ದರು, ನಿವೃತ್ತಿಯಾದ ಮೇಲೂ.

ಈ ವರ್ಷ ಹಾಗೆ ಹೇಳಲಿಲ್ಲ. ಆಫೀಸಿಗೆ ಕಂಪ್ಯೂಟರ್ ಬಂದ ಮೇಲೆ ಬೇಡವಾಗಿ ಮನೆ ಸೇರಿದ್ದ ಹಳೆಯ ಸೀಲನ್ನು ತೆಗೆದು, ತಾರೀಖನ್ನು ಮೋನಿಷಾ ಅರ್ಜಿ ತಂದಿದ್ದ ಆ ದಿನಕ್ಕೆ ತಿರುಗಿಸಿಕೊಂಡು ಹೊರಬಂದರು.

ಪಕ್ಕದ ಮನೆಯ ತ್ರಿಪುರಸುಂದರಿ ಕೇಳಿದರು: "ಈ ಬಿಸಿಲಲ್ಲಿ ಒಬ್ರೇ ಎಲ್ಲಿಗ್ರೀ?"

"ಒಬ್ಳೇ ಎಲ್ಲಿ? ಕಾಲೇಜಿಗೆ ಅರ್ಜಿ ಕೊಡೋಕೆ ಹೋಗ್ತಿದೀವಿ. ಪಾಪ, ಈ ಮಗು ಎಷ್ಟು ವರ್ಷದಿಂದ ನಿಂತೇ ಇದೆ."

ಶಕುಂತಲಮ್ಮ ಗೇಟು ದಾಟಿ ಚಿಲಕ ಹಾಕಿದರು. ಆಮೇಲೆ ಯಾರದೋ ಕೈ ಹಿಡಿದವರಂತೆ ಖಾಲಿ ಬೀದಿಯಲ್ಲಿ ನಡೆದುಹೋದರು.