ಅವರ ಜೀಪಿನಲ್ಲಿ ಹೋದ ತನಿಖೆ

ಎಪ್ಪತ್ತರ ದಶಕದಲ್ಲಿ ನಾನು ವಿದ್ಯುತ್ ತಪಾಸಣೆಯ ಸರ್ಕಾರಿ ಕಚೇರಿಯಲ್ಲಿದ್ದೆ. ಕರೆಂಟ್ ಕೊಡುವವರು ಕಾಯಿದೆಯಂತೆ ಕಂಬ ನೆಟ್ಟಿದ್ದಾರೋ, ತಂತಿ ಸರಿಯಾಗಿ ಎಳೆದಿದ್ದಾರೋ ಎಂದು ನೋಡುವುದು, ಶಾಕ್ ಹೊಡೆದು ಯಾರಾದರೂ ಸತ್ತರೆ ತಪ್ಪು ಯಾರದೆಂದು ಬರೆಯುವುದು ನಮ್ಮ ಕೆಲಸ. ಕೇಳುವುದಕ್ಕೆ ಭಾರೀ ಅಧಿಕಾರ. ಓಡಾಡಲು ಮಾತ್ರ ನಮಗೊಂದು ಜೀಪಿರಲಿಲ್ಲ. ಯಾರ ತಪ್ಪು ಹುಡುಕಬೇಕೋ ಅವರ ಜೀಪಿನಲ್ಲೇ ಹೋಗುತ್ತಿದ್ದೆವು, ದಾರಿಯಲ್ಲಿ ಅವರೇ ಕೊಡಿಸಿದ ಕಾಫಿ ಕುಡಿಯುತ್ತಿದ್ದೆವು. ಥೂ, ನಾಚಿಕೆಗೇಡು ಅಂತ ಆಗ ಅನ್ನಿಸಲೇ ಇಲ್ಲ.

ಕುರುಬರಹಳ್ಳಿಯಲ್ಲಿ ಮಿಲ್ಲಿನ ಕೆಲಸಗಾರನೊಬ್ಬ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋಗಿ ಸತ್ತಿದ್ದ. ಕಂಬದಿಂದ ಮನೆಗೆ ಬರುವ ತಂತಿಯ ರಬ್ಬರು ಕಿತ್ತುಹೋಗಿ, ಬಟ್ಟೆ ಹಾಕುವ ಕಬ್ಬಿಣದ ತಂತಿಗೆ ತಾಗಿತ್ತೆಂದು ಮನೆಯವರ ದೂರು. ಆತನೇ ಯಾವುದೋ ತಂತಿ ತಂದು ಕಂಬದಿಂದ ಕರೆಂಟ್ ಕದಿಯುತ್ತಿದ್ದನೆಂದು ಕರೆಂಟ್ ಆಫೀಸಿನವರ ವಾದ. ನಾವು ಹೋಗುವಷ್ಟರಲ್ಲಿ ಅವರ ಲೈನ್‌ಮನ್‌ಗಳು ಹೊಸ ತಂತಿ ಎಳೆದಾಗಿತ್ತು. ಹಳೆಯದರ ಒಂದು ತುಂಡು ಸಿಕ್ಕಿದ್ದರೂ ಸಾಕಿತ್ತು, ಸತ್ತವನ ಮೇಲಿನ ಕಳ್ಳನೆಂಬ ಮಾತು ಅಳಿಸಿಹೋಗುತ್ತಿತ್ತು.

ಕರೆಂಟ್ ಆಫೀಸಿನ ಇಂಜಿನಿಯರ್ ನನ್ನ ಜೊತೆಗೇ ಜೀಪಿನಿಂದ ಇಳಿದ. ಸತ್ತವನ ಹೆಂಡತಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹಳೇ ತಂತಿ ಏನಾದರೂ ಉಳಿದಿದೆಯಾ ಎಂದು ಕೇಳಿದೆ. ಜೀಪನ್ನೊಮ್ಮೆ ನೋಡಿ, ಏನೂ ಇಲ್ಲ, ಎಲ್ಲ ನಿಮ್ಮವರೇ ತಗೊಂಡು ಹೋದರಲ್ಲ ಎಂದರು. ಆಗಲಾದರೂ ನನ್ನ ಮಂಕುಬುದ್ಧಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕರೆಂಟ್ ಆಫೀಸಿನ ತಪ್ಪಿಗೆ ಪುರಾವೆ ಸಿಗಲಿಲ್ಲವೆಂದು ವರದಿ ಬರೆದೆ, ನಮ್ಮ ಸಾಹೇಬರು ರುಜು ಹಾಕಿದರು.

ಎರಡು ತಿಂಗಳಾದ ಮೇಲೆ ಆಕೆ ನಮ್ಮ ಕಚೇರಿ ಹುಡುಕಿಕೊಂಡು ಬಂದರು. ಹಳೇ ಸೀರೆಯ ತುಂಡು ಬಿಚ್ಚಿ, ಮೊಳದುದ್ದದ ತಂತಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ರಬ್ಬರು ಸುಟ್ಟು ಕರಕಲಾಗಿತ್ತು. ಕರೆಂಟ್ ಆಫೀಸಿನವರೇ ಎಳೆಯುವ ದಪ್ಪ ತಂತಿ, ಅನುಮಾನವೇ ಇಲ್ಲ.

"ಅವತ್ತು ಕರೆಂಟ್ ಆಫೀಸ್ನೋರು ಜೀಪಲ್ಲಿ ಬಂದು ಕೇಳಿದ್ರು ಸಾರ್, ನಾನು ಕೊಡ್ಲಿಲ್ಲ. ಗೌರ್ಮೆಂಟ್ನೋರು ಬರ್ತಾರೆ, ಅವರ ಕೈಗೇ ಕೊಡಣ ಅಂತ ಇಷ್ಟು ದಿನ ಕಾದೆ. ನೀವ್ಯಾಕೆ ಬರ್ಲೇ ಇಲ್ಲ?"

ಆಕೆಗೆ ನನ್ನ ಗುರುತು ಸಿಕ್ಕಿರಲಿಲ್ಲ. ಏನಾದರೂ ಸುಳ್ಳು ಹೇಳಿ ಸಾಗಹಾಕಬಹುದಿತ್ತು. ಆದರೆ ನಿಜವನ್ನೇ ಹೇಳಿದೆ.

"ಬಂದಿದ್ದೆ ಕಣಮ್ಮ. ಆ ಜೀಪಲ್ಲಿದ್ದೋನು ನಾನೇ."

ಆಕೆ ನನ್ನ ಮುಖವನ್ನು ಸರಿಯಾಗಿ ನೋಡಿದರು. ತಂತಿಯನ್ನು ಎತ್ತಿಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದರು. ಇಲ್ಲೇ ಇಟ್ಟು ಹೋಗಿ, ಮೇಲಿನವರಿಗೆ ಇನ್ನೊಮ್ಮೆ ಬರೆಯುತ್ತೇನೆ ಎಂದು ಎದ್ದು ನಿಂತು ಬೇಡಿಕೊಂಡೆ. ಆಕೆ ಅದನ್ನು ನನ್ನ ಕೈಗೆ ಕೊಡಲಿಲ್ಲ.