ಕಟ್ಟಿಹಾಕಿದ ನಾಯಿಯ ಗುಂಡಿಗೆ

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನನ್ನ ಗಂಡ ಜ್ವರ ಬಂದು ತೀರಿಕೊಂಡ. ಕುರಿ ಕಾಯುವವನು. ಮೋರಟಗಿಯ ನಮ್ಮ ಮನೆಯಲ್ಲಿ ಉಳಿದದ್ದು ನಾನು, ನನ್ನ ಅತ್ತೆ ಮತ್ತು ಅವನ ನಾಯಿ. ಮೈದುನ ಕುರಿಹಿಂಡು ಹೊಡೆದುಕೊಂಡು ಭೀಮೆಯ ದಂಡೆಗೆ ಹೊರಟಿದ್ದ. ನಾಯಿಯನ್ನೂ ಕರೆದೊಯ್ಯುತ್ತೇನೆ ಅಂದರೆ ಅತ್ತೆ ಬಿಡಲಿಲ್ಲ.

"ಅವನ ಕೈಯಾಗ ಬೆಳದದ್ದು. ನನ್ನ ಕಣ್ಣ ಮುಂದ ಇರಲಿ," ಎಂದು ಅಂಗಳದ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದಳು.

ಅದು ಉದ್ದ ಕಾಲಿನ, ತೆಳ್ಳನೆಯ ಬೇಟೆ ನಾಯಿ. ಹಗಲೆಲ್ಲ ಹಿಂಡಿನ ಸುತ್ತ ಓಡುವುದು, ತೋಳ ಬಂದರೆ ಅಟ್ಟುವುದು, ಮೊಲ ಕಂಡರೆ ಹಿಡಿದು ತರುವುದು ಅದರ ದುಡಿಮೆ. ಕುರಿ ಕಾಯುವವರ ಮನೆಯಲ್ಲಿ ನಾಯಿಗೆ ಯಾರೂ ತುಪ್ಪ ಹಾಕುವುದಿಲ್ಲ. ಅತ್ತೆ ಹಾಕಿದಳು. ದಿನಾ ಮಗನ ತಾಟಿನಲ್ಲಿ ಅವನ ಪಾಲಿನ ಜೋಳದ ರೊಟ್ಟಿ ಇಟ್ಟು, ತುಪ್ಪ ಸವರಿ, ಸ್ವಲ್ಪ ಹೊತ್ತು ಅದರ ಮುಂದೆ ಕೂತು, ಆಮೇಲೆ ನಾಯಿಗೆ ತಿನ್ನಿಸುತ್ತಿದ್ದಳು. ಸತ್ತವರ ಎಡೆಯನ್ನು ಕಾಗೆಗೆ ಇಡುವುದು ಎಲ್ಲರ ಪದ್ಧತಿ. ನಮ್ಮ ಅತ್ತೆಗೆ ಕಾಗೆಗಳ ಮೇಲೆ ಭರವಸೆ ಇರಲಿಲ್ಲ.

ನನಗೆ ಆಗ ಏನೂ ಅನಿಸುತ್ತಿರಲಿಲ್ಲ. ಗಂಡ ಸತ್ತರೂ ಅಳಲಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವರ ಮೇಲೆ ಸಿಟ್ಟಾಗುವಷ್ಟು ಜೀವವೂ ನನ್ನಲ್ಲಿ ಇರಲಿಲ್ಲ. ಹಿಟ್ಟು ನಾದುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ತಿನ್ನುತ್ತಿದ್ದೆ. ಉಪ್ಪು ಯಾವುದು ಖಾರ ಯಾವುದು ತಿಳಿಯುತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ನಾಯಿ ಊದಿಕೊಂಡಿತ್ತು. ಒಂದು ಮುಂಜಾನೆ ಸರಪಳಿ ಕಳಚಿಕೊಂಡು ಬೀದಿಗೆ ನುಗ್ಗಿತು. ಓಣಿ ದಾಟುವ ಮೊದಲೇ ಕುಸಿದು ಬಿತ್ತು, ನಾಲಿಗೆ ನೀಲಿಗಟ್ಟಿತ್ತು. ಎತ್ತುಗಳಿಗೆ ಸೂಜಿ ಹಾಕಲು ಸಿಂದಗಿಯಿಂದ ಬಂದಿದ್ದ ದನದ ಡಾಕ್ಟರರನ್ನು ಅತ್ತೆ ಹೆಚ್ಚುಕಡಿಮೆ ಕೈಹಿಡಿದೇ ಮನೆಗೆ ಎಳೆತಂದಳು. ಅವರು ನಾಯಿಯ ಪಕ್ಕೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಏನು ತಿನ್ನಿಸುತ್ತೀರಿ ಎಂದು ವಿಚಾರಿಸಿದರು.

"ಗುಂಡಿಗಿ ಸೋತೈತಿ. ಗುಂಡಿಗಿನೂ ರಟ್ಟಿ ಇದ್ದಂಗವ್ವ, ಕೆಲಸ ಕೊಟ್ಟರ ಗಟ್ಟಿ ಆಗತೈತಿ, ಸುಮ್ನ ಕೂಡಿಸಿದರ ಸೊರಗತೈತಿ. ದಿನಾ ಸಾವಕಾಶ ನಡಸ್ರಿ. ಒಮ್ಮೆಲೇ ಓಡಿಸಿದರ ಸತ್ತ ಹೋಗತೈತಿ. ನಡುವ ನಿಂದರಿಸಿ ಪಕ್ಕಿ ಮ್ಯಾಲ ಕೈ ಇಡ್ರಿ. ಬಡಿತ ಲಗೂನ ಇಳದರ ಮುಂದ ಹೋಗ್ರಿ, ಇಳೀಲಿಲ್ಲಂದ್ರ ಅಲ್ಲೇ ಕೂಡ್ರಿ. ತುಪ್ಪ ಬಂದ್ ಮಾಡ್ರಿ."

ಅವರು ಹೋದ ಮೇಲೆ ಅತ್ತೆ ಉರಿದುಬಿದ್ದಳು. "ನನ್ನ ಮಗನ ಪಾಲಿಗೆ ತುಪ್ಪ ಹಚ್ಚಬ್ಯಾಡ ಅನ್ನಾಕ ಅವ ಯಾಂವ?"

ನಡೆಸುವವರು ಯಾರು? ಅತ್ತೆಗೆ ಮೊಣಕಾಲು ನೋವು. ಗಂಡ ಸತ್ತ ವರ್ಷ ಹೆಣ್ಣುಮಗಳು ಊರಲ್ಲಿ ಅಡ್ಡಾಡುವುದು ನಮ್ಮಲ್ಲಿ ಸಲ್ಲದು. ಅತ್ತೆ ಒಂದು ದಿನ ಯೋಚಿಸಿದಳು. ಮರುದಿನ ಸರಪಳಿ ತಂದು ನನ್ನ ಕೈಗೆ ಕೊಟ್ಟಳು. "ಹೋಗು. ಮಂದಿ ಏನಾರ ಅಂದರ ನನ್ನ ಹೆಸರ ಹೇಳು. ನಾಯಿ ಉಳೀಬೇಕು."

ಹಾಗೆ ನಾನು ಹೊಸ್ತಿಲು ದಾಟಿದೆ. ಮೊದಲು ಓಣಿಯ ತುದಿಯವರೆಗೆ, ಆಮೇಲೆ ಬಾವಿಯವರೆಗೆ. ನಾಯಿ ತೇಕಿದಾಗ ಕೂತು ಪಕ್ಕೆಯ ಮೇಲೆ ಕೈ ಇಡುತ್ತಿದ್ದೆ. ಬಡಿತ ಅಂಗೈಗೆ ಗುದ್ದುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ವಾರಗಳು ಕಳೆದರೂ ಬಾವಿ ದಾಟಲಾಗಲಿಲ್ಲ. ಒಂದು ದಿನ ನೋಡಿದರೆ ನಾಯಿಯ ಮೂತಿಗೆ ತುಪ್ಪ ಮೆತ್ತಿತ್ತು. ಅತ್ತೆ ಕದ್ದು ಹಾಕುತ್ತಿದ್ದಳು.

"ಅತ್ತಿ, ನಿಮ್ಮ ಮಗ ಸತ್ತಾನ್ರಿ," ಅಂದೆ. ಆ ಮಾತನ್ನು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. "ಇದು ಇನ್ನೂ ಬದಕೈತಿ. ಇದನ್ನೂ ಕಳಿಸಬ್ಯಾಡ್ರಿ."

ಅಂದಾಗಲೂ ನನಗೇನೂ ಅನಿಸಲಿಲ್ಲ, ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು. ಅತ್ತೆ ಎದ್ದು ತುಪ್ಪದ ಗಡಿಗೆಯನ್ನು ನೆಲುವಿನ ಮೇಲೆ ಇಟ್ಟಳು. ಬಹಳ ದಿನ ಇಳಿಸಲಿಲ್ಲ. ಮಗನ ತಾಟನ್ನೂ ತೊಳೆದು ಬೋರಲು ಹಾಕಿದಳು.

ಆಮೇಲೆ ನಾಯಿ ಬಾವಿ ದಾಟಿತು, ಹಳ್ಳ ದಾಟಿತು. ಮುಂಗಾರಿನ ಹೊತ್ತಿಗೆ ದಿನ್ನೆ ಏರಿ ನಿಂತರೆ ನಾನೇ ಏದುಸಿರು ಬಿಡುತ್ತಿದ್ದೆ, ಅದರ ಬಡಿತ ನನ್ನ ಕೈ ಕೆಳಗೆ ಬೇಗನೆ ತಣ್ಣಗಾಗುತ್ತಿತ್ತು. ಇಷ್ಟು ಸಾಕಾಯಿತೇ ಎನ್ನುವ ಹಾಗೆ ನನ್ನ ಮುಖ ನೋಡುತ್ತಿತ್ತು, ಭಂಡ ಮುಂಡೇದು.

ಮೈದುನ ಹಿಂಡಿನೊಂದಿಗೆ ಮರಳಿದ. ಮರುದಿನ ಅತ್ತೆಯೇ ಸರಪಳಿ ಬಿಚ್ಚಿದಳು. ನಾಯಿ ಇಡೀ ಹಗಲು ಕುರಿಗಳ ಜೊತೆ ಓಡಾಡಿ ಸಂಜೆ ಅಂಗಳಕ್ಕೆ ಬಂದಿತು. ಅತ್ತೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು ಅದರ ಪಕ್ಕೆಯ ಮೇಲೆ ಕೈ ಇಟ್ಟಳು.

"ಇಳದೈತಿ," ಅಂದಳು.

ಒಳಗೆ ಹೋಗಿ ಮಗನ ತಾಟು ತೆಗೆದಳು. ರೊಟ್ಟಿ ಇಟ್ಟಳು, ನೆಲುವಿನಿಂದ ತುಪ್ಪದ ಗಡಿಗೆ ಇಳಿಸಿದಳು. ಮತ್ತೆ ಶುರುವಾಯಿತಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಾಟನ್ನು ನನ್ನ ಮುಂದಕ್ಕೆ ಸರಿಸಿದಳು.

"ನಾಯಿ ಜೋಡಿ ನೀನೂ ಅಷ್ಟೇ ನಡದಿ. ಇದು ನಿನ್ನ ಪಾಲು. ಉಣ್ಣು."

ಒಂದು ತುತ್ತು ಬಾಯಿಗಿಟ್ಟೆ. ತುಪ್ಪದ ರುಚಿ ತಿಳಿಯಿತು. ಅವನು ಇನ್ನು ಬರುವುದಿಲ್ಲ ಎನ್ನುವುದೂ ಆಗಲೇ ತಿಳಿಯಿತು, ತಾಟು ಹಿಡಿದುಕೊಂಡೇ ಅಳು ಬಂತು.